ಕತ್ತಲಲ್ಲಿ ಅಡಗಲು ಬೇಕಾದ ಬೆಳಕು

ಕಡಲಾಳದಲ್ಲಿ ಮೈಯಿಂದಲೇ ಬೆಳಕು ಸೂಸುವ ಜೀವಿಗಳನ್ನು ನಾವು ಬಹುಕಾಲ ಪ್ರಕೃತಿಯ ವಿಚಿತ್ರಗಳ ಸಾಲಿಗೆ ಸೇರಿಸಿಬಿಟ್ಟಿದ್ದೆವು. ಹಲ್ಲು ಕಿರಿದ ಮೀನೊಂದು ಹಣೆಯ ಮುಂದೆ ದೀಪ ತೂಗಿಕೊಂಡಿರುವ ಚಿತ್ರವನ್ನು ನೋಡಿ ಬೆರಗಾಗಿ ಪುಟ ತಿರುವುತ್ತೇವೆ. ಆ ಅಂದಾಜು ಎಷ್ಟು ತಪ್ಪೆಂದು ತೋರಿಸಿದ್ದು 2017ರಲ್ಲಿ ಪ್ರಕಟವಾದ ಒಂದು ಎಣಿಕೆ. ಕ್ಯಾಲಿಫೋರ್ನಿಯದ ಮಾಂಟೆರಿ ಕೊಲ್ಲಿಯ ಸಂಶೋಧನಾ ಸಂಸ್ಥೆಯವರು ಯಂತ್ರವಾಹನಗಳನ್ನು ಇಳಿಸಿ 17 ವರ್ಷ ತೆಗೆದಿದ್ದ ವಿಡಿಯೊ ದಾಖಲೆಗಳನ್ನು ಸೆವೆರಿನ್ ಮಾರ್ಟಿನಿ ಮತ್ತು ಸ್ಟೀವನ್ ಹ್ಯಾಡಕ್ ಜಾಲಾಡಿದರು. ಮೇಲ್ಮೈಯಿಂದ 3,900 ಮೀಟರ್ ಆಳದವರೆಗೆ ಕಂಡ ಮೂರೂವರೆ ಲಕ್ಷ ಜೀವಿಗಳ ಲೆಕ್ಕ ಅದು. ನೀರಿನಲ್ಲಿ ತೇಲುವ, ಈಜುವ ಜೀವಿಗಳಲ್ಲಿ ಶೇಕಡ 76ರಷ್ಟು ಬೆಳಕು ಸೂಸಬಲ್ಲವಾಗಿದ್ದವು.

ಅಂದರೆ ಅಲ್ಲಿ ಬೆಳಗದಿರುವುದೇ ಅಪರೂಪ. ಭೂಮಿಯ ಮೇಲೆ ಜೀವ ನೆಲೆಸಬಹುದಾದ ಜಾಗದಲ್ಲಿ ಬಹುಪಾಲು ಆಳಸಮುದ್ರದ ನೀರೇ ಆಗಿರುವುದರಿಂದ, ಜೀವಿಗಳು ಪರಸ್ಪರ ವ್ಯವಹರಿಸುವ ಅತಿ ಸಾಮಾನ್ಯ ಮಾಧ್ಯಮ ಈ ಬೆಳಕೇ ಇರಬಹುದು ಎನ್ನುವವರಿದ್ದಾರೆ. ಆ ಮಾತಿಗೆ ನನ್ನ ತಕರಾರಿಲ್ಲ. ಆದರೆ ‘ವ್ಯವಹಾರ’ ಎಂದ ಕೂಡಲೇ ನಾವು ತೋರಿಸಿಕೊಳ್ಳುವುದನ್ನು, ಕರೆಯುವುದನ್ನು, ಹೆದರಿಸುವುದನ್ನು ಕಲ್ಪಿಸಿಕೊಳ್ಳುತ್ತೇವೆ. ಕಳೆದ ಐವತ್ತು ವರ್ಷಗಳ ಸಂಶೋಧನೆಯನ್ನು ಒಟ್ಟಿಗೆ ಇಟ್ಟು ನೋಡಿದರೆ, ಅತ್ಯಂತ ಗಟ್ಟಿಯಾಗಿ ಸಾಬೀತಾಗಿರುವ ಉಪಯೋಗ ಇದಕ್ಕೆ ತದ್ವಿರುದ್ಧವಾದದ್ದು. ಅಲ್ಲಿನ ಜೀವಿಗಳು ಬೆಳಗುವುದು ಹೆಚ್ಚಾಗಿ ಕಾಣಿಸಿಕೊಳ್ಳದಿರಲಿಕ್ಕಾಗಿ. ಇದನ್ನು ಎಲ್ಲರಿಗಿಂತ ಸ್ಪಷ್ಟವಾಗಿ ಹೇಳಿಕೊಟ್ಟದ್ದು ನಮ್ಮ ಕರಾವಳಿಯವರು ಬೊಂಡಾಸ ಎಂದು ಕರೆಯುವ ಸ್ಕ್ವಿಡ್‌ಗಳು.

ಮೊದಲು ಈ ಬೆಳಕು ಹುಟ್ಟುವ ಬಗೆ. ಕೊಳೆತ ಮರದ ಮೇಲಿನ ಮಿನುಗು ಗಾಳಿ ತೆಗೆದರೆ ಆರಿಹೋಗುತ್ತದೆ, ಗಾಳಿ ಬಿಟ್ಟರೆ ಮರಳುತ್ತದೆ ಎಂದು ರಾಬರ್ಟ್ ಬಾಯ್ಲ್ 1660ರ ದಶಕದಲ್ಲೇ ತೋರಿಸಿದ್ದ. ಎರಡು ಶತಮಾನದ ನಂತರ, 1880ರ ದಶಕದಲ್ಲಿ ಫ್ರಾನ್ಸಿನ ರಫಾಯೆಲ್ ದ್ಯುಬ್ವಾ ಬೆಳಗುವ ಜೀರುಂಡೆಯನ್ನೂ ಕಲ್ಲು ಕೊರೆಯುವ ಫೋಲಾಸ್ ಚಿಪ್ಪಿಜೀವಿಯನ್ನೂ ಅರೆದು, ಬಿಸಿನೀರಿನಲ್ಲಿ ಒಂದು ಸಾರ, ತಣ್ಣೀರಿನಲ್ಲಿ ಇನ್ನೊಂದು ಸಾರ ತೆಗೆದ. ಎರಡೂ ಬೇರೆ ಬೇರೆ ಇದ್ದಾಗ ಕತ್ತಲು, ಕೂಡಿಸಿದಾಗ ಬೆಳಕು. ಉರಿಯುವ ವಸ್ತುವಿಗೆ ಲೂಸಿಫೆರಿನ್ ಎಂದೂ ಅದನ್ನು ಆಮ್ಲಜನಕದೊಡನೆ ಸೇರಿಸುವ ಕಿಣ್ವಕ್ಕೆ ಲೂಸಿಫೆರೇಸ್ ಎಂದೂ ಅವನೇ ಹೆಸರಿಟ್ಟ. ಈ ಪ್ರಕ್ರಿಯೆಯಲ್ಲಿ ಶಾಖ ಹುಟ್ಟುವುದು ಅತ್ಯಲ್ಪ, ಬೆಳಕೇ ಹೆಚ್ಚು. 1961ರ ಬೇಸಿಗೆಯಲ್ಲಿ ಅಮೆರಿಕದ ಫ್ರೈಡೇ ಹಾರ್ಬರಿನಲ್ಲಿ ಜೆಲ್ಲಿ ಮೀನುಗಳನ್ನು ಸಾವಿರಗಟ್ಟಲೆ ಹಿಡಿದು ಅಂಚು ಕತ್ತರಿಸುತ್ತ ಕುಳಿತ ಒಸಾಮು ಶಿಮೊಮುರಾ, ಏಕ್ವೊರಿನ್ ಎಂಬ ಬೆಳಗುವ ಪ್ರೋಟೀನನ್ನೂ ಅದರ ಜೊತೆಗಾರನಾದ ಹಸಿರು ಪ್ರೋಟೀನನ್ನೂ ಬೇರ್ಪಡಿಸಿದರು. ಅದೇ ಹಸಿರು ಪ್ರೋಟೀನು ಮುಂದೆ ಜೀವಕೋಶಗಳ ಒಳಗನ್ನು ನೋಡುವ ಉಪಕರಣವಾಗಿ, 2008ರ ರಸಾಯನ ವಿಜ್ಞಾನದ ನೊಬೆಲ್ ತಂದಿತು.

ಇಲ್ಲಿ ಒಂದು ಸಂಗತಿ ನನ್ನನ್ನು ಬಹಳ ಸೆಳೆಯುತ್ತದೆ. ಸ್ಕ್ವಿಡ್, ಸೀಗಡಿ, ಜೆಲ್ಲಿ ಮೀನು, ಕೆಲವು ಮೀನು ಹೀಗೆ ಹತ್ತಿರದ ನಂಟಿಲ್ಲದ ಜೀವಿಗಳು ಸೀಲೆಂಟೆರಾಜಿನ್ ಎಂಬ ಒಂದೇ ಲೂಸಿಫೆರಿನ್ ಬಳಸುತ್ತವೆ. ಎಲ್ಲವೂ ಅದನ್ನು ತಾವೇ ತಯಾರಿಸುವುದಿಲ್ಲ. ಕೋಪಿಪಾಡ್‌ನಂತಹ ಕೆಲವು ಸಣ್ಣ ಜೀವಿಗಳು ತಯಾರಿಸುತ್ತವೆ; ಅವನ್ನು ತಿಂದವಕ್ಕೆ ಅದು ಸಿಗುತ್ತದೆ, ತಿಂದವನ್ನು ತಿಂದವಕ್ಕೂ ದಾಟುತ್ತದೆ. ಬೆಳಕಿನ ಕಚ್ಚಾವಸ್ತು ಆಹಾರದ ಜೊತೆಗೇ ಕೈ ಬದಲಾಯಿಸುತ್ತ ಮೇಲೇರುತ್ತದೆ. ಜಪಾನಿನ ಕರಾವಳಿಯ ಪ್ಯಾರಾಪ್ರಿಯಾಕ್ಯಾಂತಸ್ ಎಂಬ ಮೀನಂತೂ ತಾನು ತಿಂದ ಪುಟ್ಟ ಆಸ್ಟ್ರಾಕಾಡ್‌ಗಳಿಂದ ಕಿಣ್ವವನ್ನೂ ಜೀರ್ಣವಾಗಗೊಡದೆ ಎತ್ತಿಟ್ಟುಕೊಂಡು ಬಳಸುತ್ತದೆಂದು 2020ರಲ್ಲಿ ಗೊತ್ತಾಯಿತು. ಹೀಗೆ ಸಾಮಗ್ರಿ ಸುಲಭವಾಗಿ ದೊರಕುವುದೇ ಬೆಳಗುವ ಶಕ್ತಿ ಜೀವವಿಕಾಸದಲ್ಲಿ ಮತ್ತೆ ಮತ್ತೆ ಹುಟ್ಟಲು ಒಂದು ಕಾರಣ. 2021ರ ಒಂದು ಪರಿಶೀಲನೆಯ ಪ್ರಕಾರ ಅದು ಕನಿಷ್ಠ 94 ಸಲ ಸ್ವತಂತ್ರವಾಗಿ ಹುಟ್ಟಿದೆ. ಮೀನುಗಳಲ್ಲೇ 27 ಸಲ. ಎಂಟು ಎಸಳಿನ ಹವಳಗಳ ಪೂರ್ವಜ ಜೀವಿಗಳು 54 ಕೋಟಿ ವರ್ಷಗಳ ಹಿಂದೆಯೇ ಬೆಳಗುತ್ತಿದ್ದವೆಂದು 2024ರ ಅಧ್ಯಯನ ಹೇಳುತ್ತದೆ. ಇಷ್ಟು ಸಲ ಹುಟ್ಟಿ ಇಷ್ಟು ಕಾಲ ಉಳಿದುಬಂದದ್ದು ಬರಿಯ ಅಲಂಕಾರವಾಗಿರಲಾರದು.

ಹಾಗಾದರೆ ಯಾತಕ್ಕೆ? ಈ ಪ್ರಶ್ನೆಗೆ ಉತ್ತರ ತಡವಾದದ್ದು ನಾವು ನೋಡಿದ ರೀತಿಯಿಂದ. ಹತ್ತೊಂಬತ್ತನೆಯ ಶತಮಾನದಲ್ಲಿ ಆಳದ ಜೀವಿಗಳು ನಮಗೆ ಸಿಗುತ್ತಿದ್ದದ್ದು ಬಲೆಯಲ್ಲಿ, ಹರಿದು, ಸತ್ತು ಅಥವಾ ಸಾಯುತ್ತ. ಭಾರತದ ಸಾಗರ ಸಮೀಕ್ಷೆಯ ‘ಇನ್ವೆಸ್ಟಿಗೇಟರ್’ ಹಡಗಿನಲ್ಲಿ ವೈದ್ಯನೂ ಪ್ರಾಣಿತಜ್ಞನೂ ಆಗಿದ್ದ ಆಲ್ಫ್ರೆಡ್ ಆಲ್ಕಾಕ್, ಬಲೆಯಲ್ಲಿ ಜೀವಂತ ಬಂದ ಹೆಟೆರೊಕಾರ್ಪಸ್ ಸೀಗಡಿಗಳು ಬಕೆಟ್ಟಿನ ನೀರೆಲ್ಲ ಬೆಳಗುವಷ್ಟು ನೀಲಿ ದ್ರವ ಕಕ್ಕಿದ್ದನ್ನು ಬರೆದಿಟ್ಟಿದ್ದಾನೆ. ಹಿಂದೂ ಮಹಾಸಾಗರವನ್ನೂ ಹಾದುಹೋದ ಜರ್ಮನಿಯ ‘ವಾಲ್ಡಿವಿಯಾ’ ಯಾತ್ರೆಯಲ್ಲಿ (1898–99) ಕಾರ್ಲ್ ಖುನ್, ಹಡಗಿನ ಮೇಲೆ ಇನ್ನೂ ಜೀವ ಹಿಡಿದಿದ್ದ ಒಂದು ಸಣ್ಣ ಸ್ಕ್ವಿಡ್ಡನ್ನು ತಣ್ಣೀರಿನಲ್ಲಿಟ್ಟು ನೋಡಿದ. ಅದರ ಮೈಮೇಲಿನ ಇಪ್ಪತ್ತಕ್ಕೂ ಹೆಚ್ಚು ದೀಪಾಂಗಗಳಲ್ಲಿ ಕೆಲವು ಕಡುನೀಲಿ, ಕೆಲವು ಮಾಣಿಕ್ಯದ ಕೆಂಪು, ಕೆಲವು ಹಿಮದಷ್ಟು ಬಿಳಿ. ಆಳದ ಜೀವಿಗಳಲ್ಲಿ ತಾನು ಕಂಡ ಯಾವುದೂ ಇದಕ್ಕೆ ಸಾಟಿಯಿಲ್ಲವೆಂದು ಅವನಿಗೆ ಅನ್ನಿಸಿತು. ಬೆಳಕಿದೆ ಎಂಬುದಕ್ಕೆ ಇವೆಲ್ಲ ಸಾಕ್ಷಿ. ಅದರ ಕೆಲಸವೇನೆಂಬುದಕ್ಕೆ ಅಲ್ಲ. ಬಕೆಟ್ಟಿನಲ್ಲಿ ಸಾಯುತ್ತಿರುವ ಪ್ರಾಣಿ ತನ್ನ ಬದುಕಿನ ರೀತಿಯನ್ನು ತೋರಿಸುವುದಿಲ್ಲ.

ಮನುಷ್ಯ ತಾನೇ ಇಳಿದಾಗಲೂ ದೀಪ ಹಿಡಿದೇ ಇಳಿದ. ಬರ್ಮುಡಾ ಬಳಿ 1934ರ ಆಗಸ್ಟ್ 15ರಂದು ವಿಲಿಯಂ ಬೀಬ್ ಮತ್ತು ಓಟಿಸ್ ಬಾರ್ಟನ್ ಉಕ್ಕಿನ ಗೋಳದೊಳಗೆ ಮುದುಡಿ ಕುಳಿತು 923 ಮೀಟರ್ ಆಳಕ್ಕೆ ಹೋದರು. ಬೀಬ್ ದೂರವಾಣಿಯಲ್ಲಿ ಮೇಲಿನವರಿಗೆ ವರ್ಣಿಸಿದ ಬಹಳಷ್ಟು ಮಿನುಗುಗಳು ಕಂಡದ್ದು ವಿದ್ಯುದ್ದೀಪ ಆರಿಸಿದ್ದಾಗ. ಅರ್ಧ ಶತಮಾನ ಕಳೆದು 1984ರಲ್ಲಿ ಸಾಂತಾ ಬಾರ್ಬರಾ ಕಾಲುವೆಯಲ್ಲಿ ಲೋಹದ ಮುಳುಗು ಕವಚ ತೊಟ್ಟು ಇಳಿದ ಎಡಿತ್ ವಿಡರ್, ದೀಪಗಳನ್ನು ಆರಿಸಿ ನಿಂತಾಗ ಸುತ್ತ ಸಿಡಿದ ನೀಲಿ ಬೆಳಕನ್ನು ಕಂಡು ತಮ್ಮ ಇಡೀ ವೃತ್ತಿಜೀವನವನ್ನೇ ಅದಕ್ಕೆ ಮೀಸಲಿಟ್ಟರು. ದೀಪ ಹಚ್ಚಿದರೆ ಜೀವಿಗಳು ಕಾಣುತ್ತವೆ, ಅವುಗಳ ಬೆಳಕು ಕಾಣದು. ಆರಿಸಿದರೆ ಬೆಳಕು ಕಾಣುತ್ತದೆ, ಯಾರದೆಂದು ತಿಳಿಯದು. ಈ ಇಕ್ಕಟ್ಟಿನಿಂದ ಹೊರಬರುವ ಉಪಾಯಗಳೇ ಈ ಕ್ಷೇತ್ರದ ನಿಜವಾದ ಇತಿಹಾಸ ಎಂದು ನನ್ನ ಅನ್ನಿಸಿಕೆ.

ಅಂಥ ಉಪಾಯಗಳಲ್ಲಿ ನನಗೆ ಅತ್ಯಂತ ಇಷ್ಟವಾದದ್ದು 1970ರ ದಶಕದಲ್ಲಿ ಹವಾಯಿ ವಿಶ್ವವಿದ್ಯಾಲಯದ ರಿಚರ್ಡ್ ಯಂಗ್ ಮತ್ತು ಸ್ಮಿತ್‌ಸೋನಿಯನ್ನಿನ ಕ್ಲೈಡ್ ರೋಪರ್ ಮಾಡಿದ ಪ್ರಯೋಗ. ಅದನ್ನು ತಿಳಿಯಲು 200ರಿಂದ 1,000 ಮೀಟರ್ ನಡುವಿನ ಮಬ್ಬು ವಲಯದ ಪರಿಸ್ಥಿತಿ ಗೊತ್ತಿರಬೇಕು. ಅಲ್ಲಿಗೆ ಸೂರ್ಯನ ಬೆಳಕು ಮೇಲಿನಿಂದ ಮಾತ್ರ, ನೀಲಿಯಾಗಿ ಮಾತ್ರ, ಬಹಳ ಕ್ಷೀಣವಾಗಿ ಬರುತ್ತದೆ. ಬಚ್ಚಿಟ್ಟುಕೊಳ್ಳಲು ಕಲ್ಲಿಲ್ಲ, ಗಿಡವಿಲ್ಲ, ನೆಲವೇ ಇಲ್ಲ. ತೆಂಗಿನ ತುದಿಯಲ್ಲಿ ಕೂತ ಹದ್ದನ್ನು ಕೆಳಗಿನಿಂದ ನೋಡಿದರೆ ಅದರ ಬಣ್ಣವೇನೂ ಕಾಣದೆ ಕಪ್ಪು ಆಕಾರವಷ್ಟೇ ಕಾಣುವಂತೆ, ಇಲ್ಲಿ ಕೆಳಗಿರುವ ಬೇಟೆಗಾರನಿಗೆ ಮೇಲೆ ಈಜುವವರೆಲ್ಲ ನೆರಳಾಗಿ ಕಾಣುತ್ತಾರೆ. ಈ ನೆರಳೇ ಸಾವಿಗೆ ದಾರಿ. ಪಾರದರ್ಶಕ ಮೈಯಿದ್ದರೆ ಸ್ವಲ್ಪ ಉಳಿಯಬಹುದು; ಆದರೆ ಕಣ್ಣು, ಹೊಟ್ಟೆ, ಶಾಯಿಚೀಲ ಪಾರದರ್ಶಕವಾಗಲಾರವು.

ಹೊಟ್ಟೆಯ ಬದಿಯಲ್ಲಿ ದೀಪಗಳಿದ್ದು, ಮೇಲಿನಿಂದ ಬರುವಷ್ಟೇ ಬೆಳಕನ್ನು ಅವು ಕೆಳಕ್ಕೆ ಸೂಸಿದರೆ ನೆರಳು ಅಳಿಸಿಹೋಗುತ್ತದೆ ಎಂಬ ಊಹೆ ಹಳೆಯದು. ಪರೀಕ್ಷಿಸಿ ನೋಡಿದವರು ವಿರಳವಾಗಿದ್ದರು. ಯಂಗ್ ಮತ್ತು ರೋಪರ್ ನಡುನೀರಿನ ಪುಟ್ಟ ಸ್ಕ್ವಿಡ್‌ಗಳನ್ನು ಜೀವಂತ ಹಿಡಿದು ಕತ್ತಲ ತೊಟ್ಟಿಯಲ್ಲಿಟ್ಟು, ಮೇಲಿನಿಂದ ಮಂದ ಬೆಳಕು ಬಿಟ್ಟು, ಕೆಳಗಿನಿಂದ ನೋಡಿದರು. ಬೆಳಕು ಬಿಟ್ಟಾಗ ಮೊದಲು ಸ್ಕ್ವಿಡ್‌ನ ಕಪ್ಪು ಆಕಾರ ಕಂಡಿತು. ನಿಧಾನವಾಗಿ ಹೊಟ್ಟೆಯ ಚುಕ್ಕೆಗಳು ಹೊತ್ತಿಕೊಂಡವು. ಆಕಾರ ಮಸುಕಾಗಿ ಹಿನ್ನೆಲೆಯಲ್ಲಿ ಕರಗಿತು. ಮೇಲಿನ ಬೆಳಕನ್ನು ಆರಿಸಿದರೆ ದೀಪಗಳೂ ಆರಿದವು. ಹೆಚ್ಚಿಸಿದರೆ, ಒಂದು ಮಿತಿಯವರೆಗೆ, ಅವೂ ಹೆಚ್ಚಿದವು. ಮುಂದೆ ಯಂಗ್ ಮತ್ತು ಮೆಂಚರ್ 1980ರಲ್ಲಿ ತೋರಿಸಿದ್ದು ಇನ್ನೂ ಸೂಕ್ಷ್ಮವಾದದ್ದು. ಇವುಗಳಲ್ಲಿ ಕೆಲವು ಜಾತಿಗಳು ಹಗಲು ತಣ್ಣನೆಯ ಆಳದಲ್ಲಿದ್ದು ರಾತ್ರಿ ಬೆಚ್ಚಗಿನ ಮೇಲುನೀರಿಗೆ ಬರುತ್ತವೆ. ಆಳದಲ್ಲಿ ಅಪ್ಪಟ ನೀಲಿ ಬೇಕು. ಮೇಲೆ, ಬೆಳದಿಂಗಳಲ್ಲಿ, ಬೆಳಕಿಗೆ ಹಸಿರಿನ ಛಾಯೆ ಬೇಕು. ನೀರಿನ ತಾಪವನ್ನೇ ಸೂಚನೆಯಾಗಿ ಹಿಡಿದು ಅವು ದೀಪದ ಬಣ್ಣ ಬದಲಿಸುತ್ತಿದ್ದವು. ಮೀನುಗಳು, ಸೀಗಡಿಗಳು, ಸಣ್ಣ ಶಾರ್ಕ್‌ಗಳು ಕೂಡ ಇದೇ ವಿದ್ಯೆಯನ್ನು ಬೇರೆ ಬೇರೆಯಾಗಿ ಕಲಿತಿವೆ. ನ್ಯೂಜಿಲೆಂಡ್ ಬಳಿಯ ಕೈಟ್‌ಫಿನ್ ಶಾರ್ಕ್ ಬೆಳಗುತ್ತದೆಂದು 2021ರಲ್ಲಿ ಖಚಿತವಾದ ಮೇಲೆ, 180 ಸೆಂಟಿಮೀಟರ್ ಉದ್ದದ ಅದೇ ಬೆಳಗುವ ಕಶೇರುಕಗಳಲ್ಲಿ ದೊಡ್ಡದೆಂದು ದಾಖಲಾಯಿತು.

ಆಳದ ಪ್ರಾಣಿಯಲ್ಲದಿದ್ದರೂ ಹವಾಯಿಯ ಬಾಬ್‌ಟೇಲ್ ಸ್ಕ್ವಿಡ್ಡನ್ನು ಇಲ್ಲಿ ಬಿಟ್ಟುಬಿಡಲಾಗದು. ತೀರದ ತಿಳಿನೀರಿನಲ್ಲಿ ಹಗಲೆಲ್ಲ ಮರಳೊಳಗೆ ಹೂತುಕೊಂಡು ರಾತ್ರಿ ಬೇಟೆಗೆ ಹೊರಡುವ, ಹೆಬ್ಬೆರಳಿನಷ್ಟು ದೊಡ್ಡ ಪ್ರಾಣಿ ಅದು. ಬೆಳಕು ಅದರದ್ದಲ್ಲ, ಹೊಟ್ಟೆಯ ಅಂಗವೊಂದರಲ್ಲಿ ಸಾಕಿಕೊಂಡ ವಿಬ್ರಿಯೊ ಫಿಶೆರಿ ಎಂಬ ಬ್ಯಾಕ್ಟೀರಿಯಾದ್ದು. ಮೊಟ್ಟೆಯೊಡೆದ ಕೆಲವೇ ಗಂಟೆಗಳಲ್ಲಿ ಮರಿ ಕಡಲನೀರಿನ ಲಕ್ಷಾಂತರ ಬ್ಯಾಕ್ಟೀರಿಯಾಗಳಿಂದ ಇದೊಂದನ್ನೇ ಆರಿಸಿ ಒಳಗೆ ಬಿಟ್ಟುಕೊಳ್ಳುತ್ತದೆ. ಪ್ರತಿದಿನ ಮುಂಜಾನೆ ಶೇಕಡ 95ರಷ್ಟನ್ನು ಹೊರಹಾಕಿ, ಉಳಿದವು ಸಂಜೆಯೊಳಗೆ ಮತ್ತೆ ಬೆಳೆಯಲು ಬಿಡುತ್ತದೆ. ಮಾರ್ಗರೆಟ್ ಮೆಕ್‌ಫಾಲ್-ಙಾಯ್ ಮತ್ತು ಎಡ್ವರ್ಡ್ ರೂಬಿ ದಶಕಗಳ ಕಾಲ ಇದನ್ನು ಬೆನ್ನುಹತ್ತಿದ್ದರಿಂದ, ಪ್ರಾಣಿಯ ದೇಹ ಒಳ್ಳೆಯ ಬ್ಯಾಕ್ಟೀರಿಯಾವನ್ನು ಹೇಗೆ ಗುರುತಿಸುತ್ತದೆ ಎಂಬ ವೈದ್ಯಕೀಯ ಮಹತ್ವದ ಪ್ರಶ್ನೆಗೂ ದಾರಿ ತೆರೆಯಿತು. ಇದೇ ಬ್ಯಾಕ್ಟೀರಿಯಾ ತನ್ನ ಬಳಗ ಸಾಕಷ್ಟು ದಟ್ಟವಾಗುವ ತನಕ ಬೆಳಗದೆ ಕಾಯುತ್ತದೆ ಎಂದು 1970ರಲ್ಲಿ ಕೆನೆತ್ ನೀಲ್ಸನ್, ವುಡ್‌ಲ್ಯಾಂಡ್ ಹೇಸ್ಟಿಂಗ್ಸ್ ಮೊದಲಾದವರು ಕಂಡುಕೊಂಡಿದ್ದರು. ರೋಗಕಾರಕ ಬ್ಯಾಕ್ಟೀರಿಯಾಗಳೂ ಹೀಗೆ ತಲೆ ಎಣಿಸಿಯೇ ದಾಳಿಗಿಳಿಯುತ್ತವೆಂಬ ತಿಳಿವಳಿಕೆ ಹುಟ್ಟಿದ್ದು ಅಲ್ಲಿಂದ.

ಅಡಗುವ ವಿದ್ಯೆ ಇದ್ದಲ್ಲಿ ಅದನ್ನು ಭೇದಿಸುವ ವಿದ್ಯೆಯೂ ಬೆಳೆಯಬೇಕು. ಹಿಸ್ಟಿಯೊಟ್ಯೂತಿಸ್ ಎಂಬ ಸ್ಕ್ವಿಡ್‌ಗಳ ಎರಡು ಕಣ್ಣು ಒಂದಕ್ಕೊಂದು ಹೊಂದುವುದಿಲ್ಲ. ಎಡಗಣ್ಣು ಬಲಗಣ್ಣಿನ ಎರಡರಷ್ಟು ದೊಡ್ಡದಾಗಿ, ಉಬ್ಬಿಕೊಂಡು, ಸದಾ ಮೇಲಕ್ಕೆ ನೋಡುತ್ತಿರುತ್ತದೆ; ಚಿಕ್ಕ ಬಲಗಣ್ಣು ಕೆಳಕ್ಕೆ. 2017ರಲ್ಲಿ ಕೇಟ್ ಥಾಮಸ್ ಮತ್ತು ಸಂಗಡಿಗರು ನೂರಕ್ಕೂ ಹೆಚ್ಚು ವಿಡಿಯೊ ನೋಡಿ ಹಾಕಿದ ಲೆಕ್ಕದಂತೆ, ದೊಡ್ಡ ಕಣ್ಣು ಕ್ಷೀಣ ಸೂರ್ಯಪ್ರಕಾಶದಲ್ಲಿ ನೆರಳುಗಳನ್ನು ಹುಡುಕುತ್ತದೆ, ಚಿಕ್ಕದು ಕೆಳಗಿನ ಕತ್ತಲಲ್ಲಿ ಬೇರೆಯವರ ಮಿನುಗನ್ನು ಹುಡುಕುತ್ತದೆ. ಕೆಲವಕ್ಕೆ ದೊಡ್ಡ ಕಣ್ಣಿನ ಮಸೂರ ಹಳದಿ. ಹಳದಿ ಗಾಜಿನೊಳಗಿಂದ ನೋಡಿದರೆ ಆಕಾಶದಿಂದ ಬಂದ ನೀಲಿಗೂ ಹೊಟ್ಟೆಯ ದೀಪದ ನೀಲಿಗೂ ಇರುವ ಸಣ್ಣ ವ್ಯತ್ಯಾಸ ಎದ್ದು ಕಾಣುತ್ತದೆ.

ಈ ಬೆಳಕನ್ನು ದಡದಲ್ಲಿ ನಿಂತೇ ನೋಡಲು ಸಾಧ್ಯವಿರುವ ಜಾಗ ಜಪಾನಿನ ತೊಯಾಮಾ ಕೊಲ್ಲಿ. ಅಲ್ಲಿ ಕಡಲು ದಡ ಬಿಟ್ಟ ಕೂಡಲೇ ಧುಮುಕಿ ಸಾವಿರ ಮೀಟರಿಗೂ ಹೆಚ್ಚು ಆಳಕ್ಕೆ ಹೋಗುತ್ತದೆ. ಮಾರ್ಚ್‌ನಿಂದ ಮೇ ಕೊನೆಯವರೆಗೆ ಹೊತಾರು-ಇಕಾ, ಅಂದರೆ ಮಿಂಚುಹುಳು ಸ್ಕ್ವಿಡ್, ಮೊಟ್ಟೆಯಿಡಲು ಲಕ್ಷಗಟ್ಟಲೆ ಮೇಲೇರಿ ಬರುತ್ತದೆ. ಬರುವವು ಬಹುಪಾಲು ಹೆಣ್ಣುಗಳೇ. ಒಂದು ವರ್ಷದ ಆಯುಸ್ಸಿನ ಕೊನೆಯ ಕೆಲಸ ಅವಕ್ಕೆ ಇದು. ಏಳು ಸೆಂಟಿಮೀಟರ್ ದಾಟದ ಮೈಯಲ್ಲಿ ಮೂರು ಬಗೆಯ ದೀಪಗಳು. ಹೊಟ್ಟೆಯ ಚರ್ಮದಲ್ಲಿ ಸುಮಾರು ಸಾವಿರ ಸೂಜಿಮೊನೆಯ ಚುಕ್ಕೆಗಳು, ಪ್ರತಿ ಕಣ್ಣಿನ ಕೆಳಗಂಚಿನಲ್ಲಿ ಐದು ಮಣಿಗಳು, ನಾಲ್ಕನೆಯ ಜೋಡಿ ತೋಳುಗಳ ತುದಿಯಲ್ಲಿ ಮೂರು ಮೂರು ಕಪ್ಪು ಗುಂಡುಗಳು. ಚರ್ಮದವು ಅಡಗಲು. ತೋಳಿನ ಗುಂಡುಗಳ ಕೆಲಸ ಬೇರೆ: ಬಲೆ ಎಳೆಯುವಾಗ ಯಾರಾದರೂ ಮುಟ್ಟಿದರೆ ಅವುಗಳ ಮೇಲಿನ ಕಪ್ಪು ತೆರೆ ಸರಿದು, ಕಣ್ಣು ಕೋರೈಸುವ ನೀಲಿ ಒಮ್ಮೆಲೇ ಚಿಮ್ಮುತ್ತದೆ. ವೈರಿ ಒಂದು ಕ್ಷಣ ಕಂಗೆಟ್ಟರೆ ಅಷ್ಟು ಸಾಕು. ಅಮಾವಾಸ್ಯೆಯ ಆಸುಪಾಸಿನ ರಾತ್ರಿಗಳಲ್ಲಿ ಗುಂಪುಗಟ್ಟಲೆ ದಡಕ್ಕೆ ಬಂದು ಬಿದ್ದು, ಅಲೆಯ ಅಂಚಿನಲ್ಲಿ ನೀಲಿ ಗೆರೆ ಎಳೆದಂತೆ ಬೆಳಗುತ್ತ ಸಾಯುತ್ತವೆ. ನಾಮೆರಿಕಾವಾ ಊರಿನವರು ನಸುಕಿಗೆ ಮುಂಚೆ ದೋಣಿಗಳಲ್ಲಿ ಜನರನ್ನು ಕರೆದೊಯ್ದು, ಸ್ಥಿರಬಲೆ ಎತ್ತುವಾಗಿನ ಬೆಳಕನ್ನು ತೋರಿಸುತ್ತಾರೆ. ಅಲ್ಲಿಯ ಕಡಲಿನ ಆ ಭಾಗಕ್ಕೆ 1952ರಲ್ಲಿ ವಿಶೇಷ ನೈಸರ್ಗಿಕ ಸ್ಮಾರಕದ ಸ್ಥಾನ ಸಿಕ್ಕಿತು. ಹಿಡಿಯುವುದು, ಬೇಯಿಸಿ ತಿನ್ನುವುದು, ಅಧ್ಯಯನ ಮಾಡುವುದು, ಗೌರವಿಸುವುದು ಎಲ್ಲವೂ ಅಲ್ಲಿ ಒಟ್ಟಿಗೇ ನಡೆಯುತ್ತದೆ.

ಈ ಸ್ಕ್ವಿಡ್‌ನ ಕಣ್ಣೂ ವಿಶೇಷವೇ. ಬಹುತೇಕ ಸ್ಕ್ವಿಡ್, ಆಕ್ಟೋಪಸ್‌ಗಳ ಕಣ್ಣಿನಲ್ಲಿ ಒಂದೇ ವರ್ಣದ್ರವ್ಯ. ಅವಕ್ಕೆ ಬಣ್ಣ ಗೊತ್ತಾಗದು. ಮಿಂಚುಹುಳು ಸ್ಕ್ವಿಡ್‌ಗೆ ಮೂರು. 470, 484 ಮತ್ತು ಸುಮಾರು 500 ನ್ಯಾನೊಮೀಟರ್ ತರಂಗಾಂತರಗಳನ್ನು ಅವು ಚೆನ್ನಾಗಿ ಹೀರುತ್ತವೆ. ಎಲ್ಲವೂ ನೀಲಿ ಮತ್ತು ನೀಲಿಹಸಿರಿನ ಕಿರಿದಾದ ಪಟ್ಟಿಯೊಳಗೇ ಬರುತ್ತವೆ. ಮೇಲಿನಿಂದ ಬಂದ ಬೆಳಕು ಯಾವುದು, ತನ್ನವರ ಬೆಳಕು ಯಾವುದು ಎಂದು ಬೇರ್ಪಡಿಸಲು ಇದು ಸಾಕಾಗಬಹುದು.

ಅಡಗುವುದನ್ನು ಬಿಟ್ಟು ಬೇರೆ ಉಪಯೋಗಗಳಿಗೆ ಬಂದರೆ, ಆಧಾರಗಳು ತೆಳುವಾಗುತ್ತ ಹೋಗುತ್ತವೆ. ಆದರೂ ಕೆಲವು ಪ್ರಸಂಗಗಳು ಮರೆಯಲಾಗದವು. 2005ರಲ್ಲಿ ತ್ಸುನೆಮಿ ಕುಬೊದೆರಾ ಅವರ ತಂಡ ಜಪಾನಿನ ಒಗಸವರಾ ದ್ವೀಪಗಳ ಬಳಿ ಆಳಕ್ಕೆ ಕ್ಯಾಮೆರಾ ಇಳಿಬಿಟ್ಟಾಗ ಟ್ಯಾನಿಂಜಿಯಾ ಡ್ಯಾನೆ ಕಾಣಿಸಿತು. ಎರಡು ಮೀಟರಿಗೂ ಉದ್ದ ಬೆಳೆಯುವ, ಅಗಲವಾದ ರೆಕ್ಕೆ ಬಡಿದು ಹಾರಿದಂತೆ ಈಜುವ ಸ್ಕ್ವಿಡ್ ಇದು. ಎರಡು ತೋಳುಗಳ ತುದಿಯಲ್ಲಿ ನಿಂಬೆಹಣ್ಣಿನಷ್ಟು ದೊಡ್ಡ ದೀಪಗಳು, ಅವಕ್ಕೆ ಕಣ್ಣಿನ ರೆಪ್ಪೆಯಂತೆ ಮುಚ್ಚಿ ತೆರೆಯುವ ಚರ್ಮ. ಪ್ರಾಣಿ ಜಗತ್ತಿನಲ್ಲಿ ಇದಕ್ಕಿಂತ ದೊಡ್ಡ ದೀಪಾಂಗ ಗೊತ್ತಿಲ್ಲ. ಸೆಕೆಂಡಿಗೆ ಎರಡು ಮೀಟರಿಗೂ ಮಿಕ್ಕ ವೇಗದಲ್ಲಿ ಬೇಟೆಯ ಮೇಲೆ ಬಂದ ಪ್ರಾಣಿ, ಹಿಡಿಯುವ ಮುನ್ನ ಆ ದೀಪಗಳನ್ನು ಛಕ್ಕನೆ ಬೆಳಗಿಸಿತು. ಬೇಟೆಯನ್ನು ಕುರುಡುಗೊಳಿಸಲಿಕ್ಕೋ, ದೂರ ಅಳೆಯಲಿಕ್ಕೋ ಎಂದು ಸಂಶೋಧಕರು ಬರೆದರು. ಬೇಟೆಯಿಲ್ಲದೆಯೂ ಕ್ಯಾಮೆರಾದ ದೀಪದ ಮುಂದೆ ಅದು ಮಿನುಗಿದ್ದುಂಟು. ಆದ್ದರಿಂದ ತನ್ನವರೊಡನೆ ಮಾತಾಡಲೂ ಇರಬಹುದು. ನನಗೆ ಮೊದಲ ವಿವರಣೆಯೇ ಹೆಚ್ಚು ಒಪ್ಪುತ್ತದೆ, ಏಕೆಂದರೆ ದಾಳಿಗೂ ಮಿಂಚಿಗೂ ಇರುವ ಸಮಯದ ಹೊಂದಾಣಿಕೆ ಕಣ್ಣಿಗೆ ಕಾಣುವಂಥದ್ದು.

ಮಾತಿನ ವಾದಕ್ಕೆ ಹೆಚ್ಚು ಬಲ ಕೊಡುವುದು ಪೆಸಿಫಿಕ್ಕಿನ ಹಂಬೋಲ್ಟ್ ಸ್ಕ್ವಿಡ್. ನೂರಾರು ಸೇರಿ ಬೇಟೆಯಾಡಿದರೂ ಒಂದಕ್ಕೊಂದು ಡಿಕ್ಕಿ ಹೊಡೆಯದ ಇವು ಚರ್ಮದ ಮೇಲೆ ಕ್ಷಣಕ್ಷಣಕ್ಕೂ ವಿನ್ಯಾಸ ಬದಲಿಸುತ್ತವೆ. ಕತ್ತಲಲ್ಲಿ ಅದು ಕಾಣುವುದಾದರೂ ಹೇಗೆ? ಸ್ನಾಯುಗಳೊಳಗೆ ಹುದುಗಿರುವ ದೀಪಾಂಗಗಳು ಇಡೀ ಮೈಯನ್ನು ಒಳಗಿನಿಂದ ಬೆಳಗಿಸಿ, ಆ ವಿನ್ಯಾಸಗಳಿಗೆ ಹಿಂಬೆಳಕು ಕೊಡುತ್ತವೆಂದು 2020ರಲ್ಲಿ ಬೆಂಜಮಿನ್ ಬರ್ಫೋರ್ಡ್ ಮತ್ತು ಬ್ರೂಸ್ ರಾಬಿಸನ್ ವಾದಿಸಿದರು.

ತಪ್ಪಿಸಿಕೊಳ್ಳುವ ತಂತ್ರಗಳಂತೂ ಹೇರಳ. ಹೆಟೆರೊಟ್ಯೂತಿಸ್ ಎಂಬ ಸ್ಕ್ವಿಡ್ ಕಪ್ಪು ಶಾಯಿಯ ಬದಲು ಬೆಳಗುವ ಮೋಡ ಉಗುಳುತ್ತದೆ. ಆಕ್ಟೊಪೊಟ್ಯೂತಿಸ್ ಎಂಬ ಇನ್ನೊಂದು ಸ್ಕ್ವಿಡ್ ಬೆಳಗುತ್ತಿರುವ ತೋಳಿನ ತುದಿಯನ್ನೇ ಕಳಚಿ ವೈರಿಯ ಬಳಿ ಬಿಟ್ಟು ಓಡುತ್ತದೆ. ಆಮ್ಲಜನಕ ತೀರಾ ಕಡಿಮೆಯಿರುವ ಪದರದಲ್ಲಿ ನಿಧಾನವಾಗಿ ತೇಲುತ್ತ, ಮೇಲಿನಿಂದ ಉದುರುವ ಸತ್ತ ಜೀವಿಗಳ ಕಸವನ್ನು ತಿಂದು ಬದುಕುವ ವ್ಯಾಂಪೈರ್ ಸ್ಕ್ವಿಡ್‌ಗೆ ಓಡುವ ಶಕ್ತಿ ಹೆಚ್ಚಿಲ್ಲ. ಅದು ತೋಳಿನ ತುದಿಗಳಿಂದ ಮಿನುಗುವ ಕಣಗಳ ಲೋಳೆ ಬಿಟ್ಟು ಮರೆಯಾಗುತ್ತದೆ. 2009ರಲ್ಲಿ ವರದಿಯಾದ ಸ್ವೈಮಾ ಎಂಬ ಹುಳುಗಳು ಹಸಿರು ಬೆಳಕಿನ ಗುಂಡುಗಳನ್ನು ಉದುರಿಸುತ್ತವೆ. ಹಣೆದೀಪದ ಆಂಗ್ಲರ್ ಮೀನು ಬ್ಯಾಕ್ಟೀರಿಯಾಗಳ ಬೆಳಕಿನಿಂದ ಬೇಟೆಯನ್ನು ಸೆಳೆಯುತ್ತದೆನ್ನುವುದನ್ನು ಎಲ್ಲರೂ ಒಪ್ಪಿಕೊಂಡಿದ್ದರೂ, ಆಳದಲ್ಲಿ ಅದು ದೀಪ ತೋರಿಸಿ ಬೇಟೆ ಹಿಡಿದದ್ದನ್ನು ನೋಡಿದ ದಾಖಲೆಗಳು ಬಹಳ ವಿರಳ. ಶಾಲಾಪುಸ್ತಕದ ಚಿತ್ರಕ್ಕಿರುವ ಪ್ರಸಿದ್ಧಿ ಯಂಗ್ ಅವರ ತೊಟ್ಟಿಗೆ ಇಲ್ಲದಿರುವುದು ನನಗೆ ಬೇಸರ ತರುತ್ತದೆ.

ಒಂದು ಊಹೆ ಮಾತ್ರ ಅನಿರೀಕ್ಷಿತವಾಗಿ ದೊಡ್ಡ ಫಲ ಕೊಟ್ಟಿತು. ಸೆರೆಸಿಕ್ಕ ಜೀವಿ ಬೆಳಕು ಬೀರುವುದು ತನ್ನನ್ನು ಹಿಡಿದವನನ್ನು ಹಿಡಿಯಬಲ್ಲ ಇನ್ನೂ ದೊಡ್ಡವನನ್ನು ಕರೆಯಲು ಎಂದು 1943ರಲ್ಲಿ ಮಾರ್ಟಿನ್ ಬರ್ಕನ್‌ರೋಡ್ ಸೂಚಿಸಿದ್ದ. ಅಟೊಲಾ ಎಂಬ ಜೆಲ್ಲಿ ಮೀನು ಕಚ್ಚಿಸಿಕೊಂಡಾಗ ಅದರ ಅಂಚಿನಲ್ಲಿ ನೀಲಿ ಬೆಳಕು ಚಕ್ರದಂತೆ ಸುತ್ತುತ್ತದೆ. ಎಡಿತ್ ವಿಡರ್ ಅದೇ ರೀತಿ ಸುತ್ತುವ ಎಲ್‌ಇಡಿ ಬೆಳಕಿನ ಕೃತಕ ಜೆಲ್ಲಿ ಮಾಡಿದರು. ಆಳದ ಪ್ರಾಣಿಗಳ ಕಣ್ಣಿಗೆ ಬಹುತೇಕ ಕಾಣದ ಕಡುಗೆಂಪು ದೀಪವನ್ನು ಕ್ಯಾಮೆರಾಕ್ಕೆ ಜೋಡಿಸಿ, ಸದ್ದು ಮಾಡುವ ಮೋಟಾರಿಲ್ಲದೆ ತೇಲಿಬಿಟ್ಟರು. ಶತಮಾನಗಳಿಂದ ಹೆಚ್ಚಾಗಿ ದಡಕ್ಕೆ ಬಿದ್ದ ಹೆಣಗಳಾಗಿಯೇ ಗೊತ್ತಿದ್ದು, 2004ರಲ್ಲಿ ಮೊದಲ ಸಲ ತನ್ನ ನೆಲೆಯಲ್ಲೇ ಸ್ಥಿರಚಿತ್ರಗಳಲ್ಲಿ ಸಿಕ್ಕಿದ್ದ ದೈತ್ಯ ಸ್ಕ್ವಿಡ್ 2012ರ ಜುಲೈನಲ್ಲಿ ಒಗಸವರಾ ಬಳಿ ಆ ಕ್ಯಾಮೆರಾದ ಮುಂದೆ ತಾನಾಗಿ ಬಂದಿತು. 2019ರ ಜೂನ್‌ನಲ್ಲಿ ಮೆಕ್ಸಿಕೊ ಕೊಲ್ಲಿಯಲ್ಲೂ ಇದೇ ಉಪಾಯ ಫಲಿಸಿತು. ದೈತ್ಯ ಸ್ಕ್ವಿಡ್ ಸ್ವತಃ ಬೆಳಗುವುದಿಲ್ಲ. ಬೆಳಕನ್ನು ಓದುವುದೇ ಅದರ ಕಸುಬು. ಅದರ ಕಣ್ಣು ಸುಮಾರು 27 ಸೆಂಟಿಮೀಟರ್ ಅಗಲ. ಅಷ್ಟು ದೊಡ್ಡ ಕಣ್ಣು ಯಾಕೆಂದರೆ, ಸ್ಪರ್ಮ್ ತಿಮಿಂಗಿಲ ಧುಮುಕಿ ಬರುವಾಗ ದಾರಿಯ ಸಣ್ಣ ಜೀವಿಗಳು ಕಲಕಿ ಮಿನುಗುತ್ತವೆ. ಆ ಮಬ್ಬು ಆಕಾರವನ್ನು 120 ಮೀಟರ್ ದೂರದಿಂದಲೇ ಕಂಡುಹಿಡಿಯಲು ಎಂದು ಡಾನ್ ನಿಲ್ಸನ್ ಮತ್ತು ಜೊತೆಗಾರರು 2012ರಲ್ಲಿ ಗಣಿತ ಹಾಕಿ ತೋರಿಸಿದರು. ಇಷ್ಟೇ ದೊಡ್ಡ ಕಣ್ಣಿನ, ಕಣ್ಣಿನ ಮೇಲೆಯೇ ದೀಪಾಂಗಗಳಿರುವ ಮಹಾದೈತ್ಯ ಸ್ಕ್ವಿಡ್ 1925ರಲ್ಲಿ ವಿಜ್ಞಾನಕ್ಕೆ ಪರಿಚಯವಾಗಿದ್ದರೂ, ಅದು ತನ್ನ ನೆಲೆಯಲ್ಲಿ ಈಜುವುದನ್ನು ಚಿತ್ರಿಸಲು ಸರಿಯಾಗಿ ನೂರು ವರ್ಷ ಬೇಕಾಯಿತು. 2025ರ ಮಾರ್ಚ್‌ನಲ್ಲಿ ದಕ್ಷಿಣ ಸ್ಯಾಂಡ್‌ವಿಚ್ ದ್ವೀಪಗಳ ಬಳಿ 600 ಮೀಟರ್ ಆಳದಲ್ಲಿ ಕಂಡದ್ದು 30 ಸೆಂಟಿಮೀಟರ್ ಉದ್ದದ ಮರಿ.

ನಮ್ಮ ಅರಬ್ಬಿ ಸಮುದ್ರ ಈ ವಿಷಯದಲ್ಲಿ ಬಡವೇನಲ್ಲ. ಮಲ್ಪೆ, ಮಟ್ಟು ಕಡಲತೀರಗಳಲ್ಲಿ 2020ರ ನವೆಂಬರಿನಲ್ಲಿ ಜನ ಸಾಲುಗಟ್ಟಿ ನೋಡಿದ ನೀಲಿ ಅಲೆಗಳು ನಾಕ್ಟಿಲೂಕ ಎಂಬ ಏಕಕೋಶ ಜೀವಿಯವು. ಅದು ಮೇಲ್ಮೈಯ ಕಥೆ. ದೂರ ಹೋದರೆ, ಲಕ್ಷದ್ವೀಪದಾಚೆಯ ಆಳನೀರಿನಲ್ಲಿ ಸ್ಥೆನೊಟ್ಯೂತಿಸ್ ಎಂಬ ನೇರಳೆಬೆನ್ನಿನ ಸ್ಕ್ವಿಡ್ ಇದೆ. ಬೆನ್ನಿನ ಮುಂಭಾಗದಲ್ಲಿ ಅಂಡಾಕಾರದ ದೊಡ್ಡ ದೀಪಾಂಗವನ್ನು ಹೊತ್ತ ಈ ಪ್ರಾಣಿಯ ದೈತ್ಯ ಬಗೆ, ಅರವತ್ತು ಸೆಂಟಿಮೀಟರ್ ದಾಟುವ ಮೈಯೊಡನೆ, ಮುಖ್ಯವಾಗಿ ಕಾಣುವುದೇ ಅರಬ್ಬಿ ಸಮುದ್ರದಲ್ಲಿ. ಹಗಲು ಆಳಕ್ಕಿಳಿದು ರಾತ್ರಿ ಮೇಲೆ ಬಂದು, ತನ್ನಂತೆಯೇ ಮೇಲೇರುವ ದೀಪಮೀನುಗಳನ್ನು ತಿನ್ನುತ್ತದೆ. ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಇದನ್ನು ಹೊಸ ಮೀನುಗಾರಿಕೆಯ ಸಂಪನ್ಮೂಲವಾಗಿ ಅಭ್ಯಾಸ ಮಾಡಿದೆ. ಅದು ತಿನ್ನುವ ದೀಪಮೀನುಗಳು ಓಮನ್ ಕಡೆಯಿಂದ ನಮ್ಮ ಕಡೆಯವರೆಗೆ, ಆಮ್ಲಜನಕ ವಿರಳವಾದ ಪದರದಲ್ಲಿ ಹಗಲು ಕಳೆಯುತ್ತ, ಅಪಾರ ಸಂಖ್ಯೆಯಲ್ಲಿವೆ.

ಇದೇ ಕಡಲಿನ ಇನ್ನೊಂದು ಸೋಜಿಗ ಹಾಲುಗಡಲು. ಅಲೆ ಕಲಕಿದಾಗ ಮಿನುಗುವ ಬೆಳಕಲ್ಲ ಅದು, ದಿಗಂತದವರೆಗೂ ಅಲುಗದೆ ಹರಡಿದ ಬಿಳಿ ಬೆಳಕು. ಅರಬ್ಬಿ ಸಮುದ್ರದ ನಾವಿಕರು ಶತಮಾನಗಳಿಂದ ಹೇಳುತ್ತಿದ್ದದ್ದನ್ನು ಬಹಳ ಮಂದಿ ನಂಬಿರಲಿಲ್ಲ. 1995ರ ಜನವರಿಯಲ್ಲಿ ಸೊಮಾಲಿಯಾ ಬಳಿ ‘ಲಿಮಾ’ ಎಂಬ ಹಡಗು ದಾಖಲಿಸಿದ ಘಟನೆಯನ್ನು ಸ್ಟೀವನ್ ಮಿಲ್ಲರ್ ಹಳೆಯ ಉಪಗ್ರಹ ಚಿತ್ರಗಳಲ್ಲಿ ಹುಡುಕಿ ಕಂಡುಹಿಡಿದರು. 15,400 ಚದರ ಕಿಲೋಮೀಟರ್ ಕಡಲು ಮೂರು ರಾತ್ರಿ ಬೆಳಗಿತ್ತು. ಬೆಳಗುವ ಬ್ಯಾಕ್ಟೀರಿಯಾಗಳು ಕೋಟಿಕೋಟಿ ಸೇರಿದಾಗ ಹೀಗಾಗುತ್ತದೆಂದು ತಿಳಿದಿದೆ. 2019ರಲ್ಲಿ ಜಾವಾದ ದಕ್ಷಿಣಕ್ಕೆ ಒಂದು ಲಕ್ಷ ಚದರ ಕಿಲೋಮೀಟರ್ ಮೀರಿದ ಹಾಲುಗಡಲನ್ನು ಉಪಗ್ರಹ ಕಂಡಾಗ, ಅದರ ನಡುವೆ ಹಾದುಹೋಗಿ ಕಣ್ಣಾರೆ ಸಾಕ್ಷಿ ಹೇಳಿದ್ದು ‘ಗಣೇಶ’ ಎಂಬ ಹೆಸರಿನ ಪುಟ್ಟ ಹಾಯಿದೋಣಿಯವರು.

ಇಷ್ಟೆಲ್ಲ ತಿಳಿದ ಮೇಲೆ ಚಿಂತೆಯೂ ಹಿಂದೆಯೇ ಬರುತ್ತದೆ. ಆಳದ ಬೆಳಕಿನ ವ್ಯವಹಾರ ನಿಂತಿರುವುದು ತಿಳಿನೀರಿನ ಮೇಲೆ. ಸಾಗರತಳದ ಲೋಹದ ಗೆಡ್ಡೆಗಳನ್ನು ಗೋರಿ ತೆಗೆದು, ಉಳಿದ ಕೆಸರುನೀರನ್ನು ನಡುನೀರಿಗೆ ಬಿಟ್ಟರೆ ಮಸುಕು ಬಹುದೂರ ಹರಡುತ್ತದೆ. ಬೇಟೆಯ ಹೊಟ್ಟೆಯ ಕಿರುದೀಪವನ್ನೋ ಸಂಗಾತಿಯ ಮಿನುಗನ್ನೋ ಹತ್ತಾರು ಮೀಟರ್ ದೂರದಿಂದ ಓದಬೇಕಾದ ಕಣ್ಣಿಗೆ ಅದೇ ಕುರುಡು. ಹವಾಯಿಯ ಜೆಫ್ರಿ ಡ್ರೇಜನ್ ಮತ್ತು ಇತರರು 2020ರಲ್ಲೇ ಈ ಎಚ್ಚರಿಕೆ ಕೊಟ್ಟರು. ತಳದ ಜೀವಿಗಳ ಬಗ್ಗೆ ನಡೆದಷ್ಟು ಚರ್ಚೆ ನಡುನೀರಿನ ಜೀವಿಗಳ ಬಗ್ಗೆ ನಡೆದಿಲ್ಲ. ಮೇಲಿನಿಂದ ಬರುವ ಕೃತಕ ಬೆಳಕೂ ಇದೆ. ಎಲ್‌ಇಡಿ ದೀಪ ಹಚ್ಚಿ ಮೀನು ಸೆಳೆಯುವ ಲೈಟ್ ಫಿಶಿಂಗ್ ಅನ್ನು ಕೇಂದ್ರ ಸರ್ಕಾರ 2017ರಲ್ಲಿ ನಿಷೇಧಿಸಿದ್ದು ಮೀನಿನ ಮರಿಗಳ ಮತ್ತು ಸಾಂಪ್ರದಾಯಿಕ ಮೀನುಗಾರರ ಹಿತಕ್ಕಾಗಿ. ಕರ್ನಾಟಕ ಕರಾವಳಿಯಲ್ಲಿ ಆ ಜಗಳ ಇನ್ನೂ ಆರಿಲ್ಲ. ರಾತ್ರಿ ಮೇಲೇರಿ ಬರುವ ಜೀವಿಗಳು ಬೆಳದಿಂಗಳನ್ನು ಅಳೆದು ತಮ್ಮ ದೀಪ ಹೊಂದಿಸಿಕೊಳ್ಳುತ್ತವೆಂಬುದನ್ನೂ ಆ ವಾದದಲ್ಲಿ ಸೇರಿಸಬೇಕು.

ಭಾರತಕ್ಕೆ ಇದು ದೂರದ ಪ್ರಶ್ನೆಯಲ್ಲ. ಮಧ್ಯ ಹಿಂದೂ ಮಹಾಸಾಗರದಲ್ಲಿ 75,000 ಚದರ ಕಿಲೋಮೀಟರ್ ತಳದಲ್ಲಿ ಲೋಹದ ಗೆಡ್ಡೆಗಳನ್ನು ಹುಡುಕುವ ಹಕ್ಕು ನಮ್ಮ ದೇಶಕ್ಕಿದೆ. 2021ರಲ್ಲಿ ಒಪ್ಪಿಗೆ ಪಡೆದ 4,077 ಕೋಟಿ ರೂಪಾಯಿಯ ಆಳಸಾಗರ ಯೋಜನೆಯಡಿ, ಮೂವರನ್ನು 6,000 ಮೀಟರ್ ಆಳಕ್ಕೆ ಒಯ್ಯುವ ‘ಮತ್ಸ್ಯ 6000’ ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯಲ್ಲಿ ಸಿದ್ಧವಾಗುತ್ತಿದೆ. ತಳ ಮುಟ್ಟುವ ಅವಸರದಲ್ಲಿ ಅದು 200ರಿಂದ 1,000 ಮೀಟರಿನ ಪದರವನ್ನು ದೀಪ ಉರಿಸಿಕೊಂಡು ದಾಟಿಹೋಗಬಾರದು. ಪ್ರತಿ ಇಳಿತದಲ್ಲೂ ಆ ಪದರದಲ್ಲಿ ಒಂದಷ್ಟು ಹೊತ್ತು ದೀಪ ಆರಿಸಿ ನಿಲ್ಲಬೇಕು. ಜೊತೆಗೆ ಕಡುಗೆಂಪು ದೀಪದ ಕ್ಯಾಮೆರಾ, ನೀರು ಕಲಕಿ ಹೊಮ್ಮುವ ಬೆಳಕನ್ನು ಅಳೆಯುವ ಮಾಪಕ ಇರಬೇಕು. ಮುಂಗಾರಿಗೆ ಮುಂಚೆ ಒಮ್ಮೆ, ನಂತರ ಒಮ್ಮೆ, ಅರಬ್ಬಿ ಸಮುದ್ರದಲ್ಲೂ ಗೆಡ್ಡೆಗಳ ನೆಲೆಯ ಮೇಲೂ ಹೀಗೆ ಅಳೆದಿಟ್ಟರೆ, ಗಣಿಯ ಮೊದಲ ಯಂತ್ರ ಇಳಿಯುವ ಮುನ್ನ ಅಲ್ಲಿ ಎಷ್ಟು ಬೆಳಕಿತ್ತು, ಯಾರ ಬೆಳಕಿತ್ತು ಎಂಬ ಲೆಕ್ಕ ನಮ್ಮ ಕೈಯಲ್ಲಿರುತ್ತದೆ.